ನರ-ನೇತ್ರ ವಿಭಾಗ: ಕಾಯಿಸುತ್ತಾರೆ, ಆದರೆ ಸರಿಯಾಗಿ ನೋಡುತ್ತಾರೆ

ನನ್ನ ತಂಗಿಗೆ ಎರಡು ತಿಂಗಳಿನಿಂದ ಬೆಳಗಿನ ಹೊತ್ತು ತಲೆನೋವು. ರಂಗೋಲಿ ಹಾಕಿ ಮೇಲೆದ್ದಾಗಲೆಲ್ಲ ಎರಡೂ ಕಣ್ಣಿಗೆ ನಾಲ್ಕೈದು ಸೆಕೆಂಡು ಮಂಜು ಕವಿದು ತಿಳಿಯಾಗುತ್ತಿತ್ತು. ಮೊದಲು ಹೋದ ಕನ್ನಡಕದ ಅಂಗಡಿಯಲ್ಲಿ ಕೊನೆಯ ಸಾಲಿನವರೆಗೂ ಅಕ್ಷರ ಓದಿದಳೆಂದು 6/6, ಅಂದರೆ ದೃಷ್ಟಿ ಸರಿಯಿದೆ ಎಂದು ಬರೆದು, ಕಂಪ್ಯೂಟರ್ ಕೆಲಸಕ್ಕೆಂದು ಹೊಸ ಕನ್ನಡಕವೊಂದನ್ನು ಮಾರಿ ಕಳಿಸಿದರು. ತಲೆಬುರುಡೆಯೊಳಗಿನ ಒತ್ತಡ ಏರಿ ದೃಷ್ಟಿನರದ ತುದಿ ಊದಿಕೊಂಡಾಗ, ಆರಂಭದಲ್ಲಿ ಅಕ್ಷರ ಓದುವ ಶಕ್ತಿ ಹಾಗೆಯೇ ಉಳಿದಿರಬಹುದೆಂದು ನಮಗೆ ತಿಳಿದದ್ದು ಈ ಆಸ್ಪತ್ರೆಗೆ ಬಂದ ಮೇಲೆ.

ಇಲ್ಲಿ ಕಾಯುವುದು ತಪ್ಪದು. ಒಂಬತ್ತಕ್ಕೆ ಟೋಕನ್ ಪಡೆದ ನಾವು ವೈದ್ಯರ ಮುಂದೆ ಕುಳಿತಾಗ ಹನ್ನೆರಡೂವರೆ. ಪಾಪೆ ಹಿಗ್ಗಿಸುವ ಹನಿ ಹಾಕಿದ ಮೇಲೆ ಕೆಲವು ಗಂಟೆ ಹತ್ತಿರದ್ದು ಮಸುಕು, ಬಿಸಿಲು ಕಣ್ಣಿಗೆ ಚುಚ್ಚುತ್ತದೆ. ಗಾಡಿ ಓಡಿಸಿಕೊಂಡು ಬರಬೇಡಿ ಎಂದು ಫೋನಿನಲ್ಲೇ ಹೇಳಬಹುದಿತ್ತು, ಹೇಳಲಿಲ್ಲ. ಬಿಲ್ ಕೌಂಟರಿನ ಬಗ್ಗೆ ಬರೆಯುವ ಮನಸ್ಸಿಲ್ಲ.

ಪರೀಕ್ಷೆಯಲ್ಲಿ ಮಾತ್ರ ಅವಸರವಿಲ್ಲ. ಸುತ್ತಲಿನ ನೋಟದ ಹರವು ಅಳೆಯುವ ಫೀಲ್ಡ್ ಟೆಸ್ಟ್‌ನ ಕತ್ತಲೆ ಕೋಣೆಯಲ್ಲಿ, ಬಟ್ಟಲಿನಂಥ ಯಂತ್ರದೆದುರು ಗಲ್ಲವೂರಿ, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ತಂಗಿ ನಡುವೆ ದಣಿದು ತಪ್ಪಿದಾಗ ಅಲ್ಲಿದ್ದ ತಂತ್ರಜ್ಞೆ ಗದರದೆ, ಐದು ನಿಮಿಷ ವಿರಾಮ ಕೊಟ್ಟು ಮತ್ತೆ ಮೊದಲಿನಿಂದ ಮಾಡಿಸಿದರು. ಆಮೇಲೆ ವೈದ್ಯರು ಕಣ್ಣಿನ ಒಳಗಿನ ಚಿತ್ರವನ್ನು ಪರದೆಯ ಮೇಲೆ ತೋರಿಸಿದರು: ಅಂಚು ಸ್ಪಷ್ಟವಾಗಿರಬೇಕಾದ ದುಂಡನೆಯ ನರದ ತುದಿ, ಒದ್ದೆ ಕಾಗದದ ಮೇಲಿನ ಶಾಯಿಯಂತೆ ಹರಡಿಕೊಂಡಿತ್ತು. ಯಾವ ಮಾತ್ರೆ ನುಂಗುತ್ತಿದ್ದೀರಿ ಎಂದು ಕೇಳಿದವರೂ ಇವರೇ ಮೊದಲು. ಮೊಡವೆಗೆಂದು ತೆಗೆದುಕೊಳ್ಳುತ್ತಿದ್ದ ಡಾಕ್ಸಿಸೈಕ್ಲಿನ್ ಮಾತ್ರೆಯೂ ಈ ಒತ್ತಡ ಏರಿಸಬಲ್ಲದಂತೆ; ಅದು ಅಂದೇ ನಿಂತಿತು.

ಅದೇ ದಿನ ಎಂಆರ್‌ಐ ಮತ್ತು ಮಿದುಳಿನ ರಕ್ತನಾಳಗಳ ಸ್ಕ್ಯಾನ್ ಬರೆದುಕೊಟ್ಟರು. ಗಡ್ಡೆಯಾಗಲಿ ಹೆಪ್ಪುಗಟ್ಟಿದ ರಕ್ತವಾಗಲಿ ಇಲ್ಲವೆಂದು ಖಚಿತವಾದ ಮೇಲಷ್ಟೇ, ಬೆನ್ನಿನಿಂದ ನೀರು ತೆಗೆದು ಒತ್ತಡ ಅಳೆಯಲು ನರರೋಗ ತಜ್ಞರ ಬಳಿಗೆ ಕಳಿಸಿದರು. ಈ ಒತ್ತಡವನ್ನು ನೀರಿನ ಕಂಬದ ಎತ್ತರದಲ್ಲಿ ಅಳೆಯುತ್ತಾರೆ; ವಯಸ್ಕರಲ್ಲಿ 25 ಸೆಂಟಿಮೀಟರ್ ದಾಟಿದರೆ ಹೆಚ್ಚು. ಅವಳದು 34 ಇತ್ತು. ಒತ್ತಡ ಇಳಿಸಲು ಕೊಟ್ಟ ಅಸೆಟಜೋಲಮೈಡ್ ಮಾತ್ರೆಯಿಂದ ಬೆರಳ ತುದಿ ಜುಮ್ಮೆನ್ನುತ್ತದೆ, ಸೋಡಾದ ರುಚಿಯೂ ಕೆಡುತ್ತದೆ ಎಂದು ಮುಂಚೆಯೇ ಎಚ್ಚರಿಸಿದ್ದರಿಂದ ಅವಳು ಗಾಬರಿಬಿದ್ದು ಮಾತ್ರೆ ಬಿಡಲಿಲ್ಲ. ತೂಕ ಇಳಿಸಬೇಕೆಂಬ ಮಾತನ್ನೂ ನೋಯಿಸದಂತೆ ಹೇಳಿದರು. ಮೂರನೆಯ ಭೇಟಿಯ ಫೀಲ್ಡ್ ಟೆಸ್ಟ್‌ನಲ್ಲಿ ಹಿಗ್ಗಿದ್ದ ಕುರುಡು ಚುಕ್ಕೆ, ಅಂದರೆ ನೋಟದಲ್ಲಿ ಏನೂ ಕಾಣದ ಜಾಗ, ಕಿರಿದಾಗಿತ್ತು.

ಹೋಗುವವರು ಹಳೆಯ ವರದಿಗಳನ್ನೂ ನುಂಗುತ್ತಿರುವ ಮಾತ್ರೆಗಳ ಚೀಟಿಯನ್ನೂ ಮರೆಯದೆ ಒಯ್ಯಿರಿ. ಜೊತೆಗೊಬ್ಬರು ಇರಲಿ, ಮಧ್ಯಾಹ್ನದ ಬುತ್ತಿಯೂ ಇರಲಿ. ಕ್ಯಾಂಟೀನಿನ ಚಿತ್ರಾನ್ನ ತಣ್ಣಗಿರುತ್ತದೆ.