ಲಿಸ್ಬನ್ನಿನ ಗುಲ್ಬೆಂಕಿಯನ್ ಮ್ಯೂಸಿಯಂ: ಒಬ್ಬ ಇಂಜಿನಿಯರ್ ಕೂಡಿಟ್ಟ ಹಳೇ ಸಾಮಾನು

ಪೋರ್ಚುಗಲ್‌ಗೆ ಹೋಗೋರು ಹಳದಿ ಟ್ರಾಮು, ಬೆಲೆಂ ಗೋಪುರ, ಕಸ್ಟರ್ಡ್ ಟಾರ್ಟು ಅಂತ ಲಿಸ್ಬನ್ ಮುಗಿಸ್ಕೊಂಡು ಬಂದ್ಬಿಡ್ತಾರೆ. ದಯವಿಟ್ಟು ಅರ್ಧ ದಿನ ಉಳಿಸ್ಕೊಂಡು ಕಲೂಸ್ಟ್ ಗುಲ್ಬೆಂಕಿಯನ್ ಮ್ಯೂಸಿಯಂ ನೋಡಿ. ಯುರೋಪಲ್ಲಿ ಮ್ಯೂಸಿಯಂಗಳಿಗೇನು ಬರ ಇಲ್ಲ, ಆದ್ರೆ ದೊಡ್ಡವು ಬಹಳಷ್ಟು ರಾಜರದ್ದೋ ಸರ್ಕಾರದ್ದೋ ಆಗಿರುತ್ತೆ. ಇಲ್ಲಿರೋದೆಲ್ಲ ಕಲೂಸ್ಟ್ ಗುಲ್ಬೆಂಕಿಯನ್ ಅನ್ನೋ ಒಬ್ಬನೇ ಮನುಷ್ಯ ಜೀವಮಾನವಿಡೀ ಹುಡುಕಿ, ಚೌಕಾಸಿ ಮಾಡಿ, ಆರಿಸಿ ಆರಿಸಿ ತಂದಿದ್ದು, ಅದೂ ಇಂಜಿನಿಯರಿಂಗ್ ಓದಿದ ಮನುಷ್ಯ. ಒಟ್ಟು ಸುಮಾರು 6000 ವಸ್ತು ಇವೆ, ಅದ್ರಲ್ಲಿ ಜನ ನೋಡೋಕೆ ಅಂತ ಇಟ್ಟಿರೋದು ಸಾವಿರದ ಆಸುಪಾಸು ಅಷ್ಟೆ. ಹಾಗಾಗಿ ಒಂದೊಂದರ ಮುಂದೆನೂ ನಿಂತು ನೋಡೋಕಾಗುತ್ತೆ, ಕಾಲು ಬಿದ್ದುಹೋಗಲ್ಲ.

ಈತನ ಕಥೆ ಸ್ವಲ್ಪ ತಿಳ್ಕೊಂಡು ಹೋದ್ರೆ ನೋಡೋ ಮಜಾನೇ ಬೇರೆ. ಹುಟ್ಟಿದ್ದು 1869ರಲ್ಲಿ, ಇಸ್ತಾನ್‌ಬುಲ್‌ನ ಒಂದು ಅರ್ಮೇನಿಯನ್ ಮನೆತನದಲ್ಲಿ, ಅಪ್ಪಂದು ಸೀಮೆಎಣ್ಣೆ ವ್ಯಾಪಾರ. ಹುಡುಗ ಸ್ಕೂಲಲ್ಲಿ ಚೆನ್ನಾಗಿ ಓದಿದ ಅಂತ ಅಪ್ಪ ಕೊಟ್ಟ ದುಡ್ಡನ್ನ ಬಜಾರಿಗೆ ತಗೊಂಡೋಗಿ ಹಳೇ ನಾಣ್ಯ ಕೊಂಡ್ಕೊಂಡು ಬಂದು ಬೈಸ್ಕೊಂಡ ಅಂತ ಈತನ ಬಗ್ಗೆ ಒಂದು ಕಥೆ ಹೇಳ್ತಾರೆ. ಆಮೇಲೆ ಲಂಡನ್ನಿನ ಕಿಂಗ್ಸ್ ಕಾಲೇಜಲ್ಲಿ ಇಂಜಿನಿಯರಿಂಗ್, 1887ಕ್ಕೆ ಪಾಸು, ಅಲ್ಲಿಂದ ಈಗಿನ ಅಜರ್‌ಬೈಜಾನಿನ ಬಾಕು ಕಡೆ ಹೋಗಿ ತೈಲಬಾವಿಗಳನ್ನ ಕಣ್ಣಾರೆ ನೋಡಿ ಬಂದು 1891ರಲ್ಲಿ ಆ ಪ್ರವಾಸದ ಬಗ್ಗೆ ಫ್ರೆಂಚಲ್ಲಿ ಪುಸ್ತಕನೂ ಬರೆದ, ಇನ್ನೂ ಇಪ್ಪತ್ತೆರಡು ವಯಸ್ಸು ಆಗ. 1896ರಲ್ಲಿ ಅರ್ಮೇನಿಯನ್ನರ ಮೇಲೆ ನಡೆದ ಹತ್ಯಾಕಾಂಡದ ಹೊತ್ತಲ್ಲಿ ಹೆಂಡ್ತಿ ಮಗು ಕರ್ಕೊಂಡು ಈಜಿಪ್ಟಿಗೆ ಓಡಬೇಕಾಯ್ತು.

ಮುಂದೆ ಬಾವಿ ತೋಡೋ ಕೆಲ್ಸಕ್ಕೆ ಇಳೀಲಿಲ್ಲ, ತೈಲ ಎಲ್ಲಿದೆ, ಯಾರ ಹತ್ರ ದುಡ್ಡಿದೆ, ಯಾರನ್ನ ಯಾರ ಜೊತೆ ಕೂರಿಸ್ಬೇಕು ಅನ್ನೋದು ಈತನಿಗೆ ಗೊತ್ತಿತ್ತು. ಇರಾಕಿನ ತೈಲನ ಬ್ರಿಟಿಷ್, ಫ್ರೆಂಚ್, ಡಚ್, ಅಮೆರಿಕನ್ ಕಂಪನಿಗಳು ಹಂಚ್ಕೊಂಡಾಗ 1928ರ ಒಪ್ಪಂದದಲ್ಲಿ ನಾಲ್ಕು ಪಾಲುದಾರರಿಗೆ ತಲಾ ಶೇ. 23.75, ಉಳಿದ ಶೇ. 5 ಈ ಒಬ್ಬ ಮನುಷ್ಯನಿಗೆ. ಅದಕ್ಕೇ ಮಿಸ್ಟರ್ ಫೈವ್ ಪರ್ಸೆಂಟ್ ಅಂತ ಹೆಸ್ರು ಬಿತ್ತು. ತೈಲದಲ್ಲಿ ಬಂದ ದುಡ್ಡಲ್ಲೇ ಈ ವಸ್ತುಗಳನ್ನ ಕೊಂಡಿದ್ದು.

ಈಗ ಒಳಗಿರೋದರ ಬಗ್ಗೆ. ಈಜಿಪ್ಟ್, ಗ್ರೀಕ್ ನಾಣ್ಯ, ಮೆಸಪೊಟೇಮಿಯ, ಇಸ್ಲಾಮಿಕ್ ಕಲೆ, ಅರ್ಮೇನಿಯನ್ ಹಸ್ತಪ್ರತಿ, ಚೀನಾ ಜಪಾನ್, ಆಮೇಲೆ ಯುರೋಪು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಒಂದು ಪುಟ್ಟ ಬಿಳಿ ಜೇಡ್ ಕಲ್ಲಿನ ಹೂಜಿ. ಗೇಣುದ್ದ ಕೂಡ ಇಲ್ಲ, ಗುಂಡು ಹೊಟ್ಟೆ, ಅಗಲವಾದ ಕತ್ತು, ಹಿಡಿ ಮಾತ್ರ ಡ್ರ್ಯಾಗನ್ ಥರ ಬಾಗಿ ಬಾಯಂಚನ್ನ ಕಚ್ಕೊಂಡಿರೋ ಹಾಗಿದೆ. ತೈಮೂರನ ಮೊಮ್ಮಗ ಉಲುಗ್ ಬೇಗ್, ಅದೇ ಸಮರ್ಖಂಡದಲ್ಲಿ ನಕ್ಷತ್ರ ನೋಡೋಕೆ ವೀಕ್ಷಣಾಲಯ ಕಟ್ಟಿಸಿದ ದೊರೆ, ಅವನಿಗೆ ಅಂತ ಕೆತ್ತಿದ್ದು, ಕತ್ತಿನ ಸುತ್ತ ಅವನ ಹೆಸರು ಉಬ್ಬುಕೆತ್ತನೆಯಲ್ಲಿದೆ. ಸ್ವಲ್ಪ ಬಗ್ಗಿ ನೋಡಿದ್ರೆ ಬಾಯಂಚಲ್ಲಿ ಸಣ್ಣಕ್ಷರದಲ್ಲಿ ಜಹಾಂಗೀರನ ಹೆಸರು, ಹಿಡಿ ಕೆಳಗೆ ಶಹಜಹಾನನ ಹೆಸರು! ತಾವು ತೈಮೂರನ ವಂಶದವ್ರು ಅಂತ ಮೊಘಲರಿಗೆ ಎಷ್ಟು ಹೆಮ್ಮೆ ಇತ್ತು ಅಂದ್ರೆ ಅಜ್ಜನ ಮನೆ ಪಾತ್ರೆ ಮೇಲೆ ಮೊಮ್ಮಕ್ಕಳು ಹೆಸರು ಹಾಕ್ಸೋ ಥರ ಕೆತ್ಸಿದ್ದಾರೆ. ನಮ್ಮ ಮೊಘಲ್ ಖಜಾನೆಯಲ್ಲಿದ್ದ ವಸ್ತು ಅಟ್ಲಾಂಟಿಕ್ ದಂಡೇಲಿ ಕೂತಿದೆ, ಅದ್ರ ಮುಂದಿಂದ ಕದಲೋಕೆ ಮನಸ್ಸೇ ಬರ್ಲಿಲ್ಲ.

ಮೆಸಪೊಟೇಮಿಯದ ಭಾಗ ಅಂದ್ರೆ ಮುಖ್ಯವಾಗಿ ಒಂದು ಕಲ್ಲಿನ ಹಲಗೆ, ನಿಮ್ರುದ್‌ನಲ್ಲಿದ್ದ ಅಸ್ಸೀರಿಯಾದ ದೊರೆ ಎರಡನೇ ಅಶ್ಶುರ್‌ನಸಿರ್‌ಪಾಲನ ಅರಮನೆಯದ್ದು, ಕ್ರಿ.ಪೂ. 9ನೇ ಶತಮಾನ, ರೆಕ್ಕೆ ಇರೋ ದೇವತೆ, ಮೀನಖಂಡದ ಸ್ನಾಯು ಕೂಡ ಎದ್ದು ಕಾಣೋ ಹಾಗೆ ಕೆತ್ತಿದ್ದಾರೆ. ಇದನ್ನ ನೋಡುವಾಗ ಒಂದು ವಿಷ್ಯ ತಲೇಲಿರ್ಲಿ: 1927ರಲ್ಲಿ ದೊಡ್ಡ ತೈಲಬಾವಿ ಉಕ್ಕಿದ್ದು ಕಿರ್ಕುಕ್ ಹತ್ರ, ನಿಮ್ರುದ್ ಇರೋದು ಮೋಸುಲ್ ಹತ್ರ, ಎರಡೂ ಉತ್ತರ ಇರಾಕೇ. ಕಲ್ಲೂ ಆ ನೆಲದ್ದು, ಈತನ ದುಡ್ಡೂ ಆ ನೆಲದ್ದು. ನನಗಂತೂ ಅಲ್ಲಿ ಖುಷಿ ಜೊತೆಗೆ ಒಂಥರಾ ಕಸಿವಿಸಿನೂ ಆಯ್ತು, ಆ ಊರಿನವ್ರಿಗೆ ಏನುಳೀತು ಅಂತ.

ಯುರೋಪಿನ ಭಾಗದಲ್ಲಿ ಹೂದೋನ್ ಅನ್ನೋ ಫ್ರೆಂಚ್ ಶಿಲ್ಪಿ ಅಮೃತಶಿಲೆಯಲ್ಲಿ ಕೆತ್ತಿದ ಡಯಾನಾ, ಓಡ್ತಾ ಇರೋ ದೇವತೆ, ಇದು ರಷ್ಯಾದ ಕ್ಯಾಥರೀನ್ ರಾಣಿ ಹತ್ರ ಇದ್ದಿದ್ದು. 1928ರಿಂದ 30ರೊಳಗೆ ಸೋವಿಯತ್ ಸರ್ಕಾರಕ್ಕೆ ವಿದೇಶಿ ದುಡ್ಡು ಬೇಕಾಗಿ ಹರ್ಮಿಟಾಜ್ ಮ್ಯೂಸಿಯಂನಿಂದ ಗುಟ್ಟಾಗಿ ಮಾರೋಕೆ ಶುರು ಮಾಡಿದಾಗ ಈತ ಇದನ್ನೂ, ರೂಬೆನ್ಸ್, ರೆಂಬ್ರಾಂಟ್ ಚಿತ್ರಗಳನ್ನೂ ಕೊಂಡ. ವಿಶೇಷ ಅಂದ್ರೆ ಕೊಂಡಾದ್ಮೇಲೆ, ನಿಮ್ಮ ಮ್ಯೂಸಿಯಂಗಳಲ್ಲಿ ಇರೋದನ್ನ ಮಾರ್ಬೇಡಿ ಅಂತ ಅವ್ರಿಗೇ ಕಾಗದನೂ ಬರೆದ. ರೆಂಬ್ರಾಂಟಿನ ಮುದುಕನ ಚಿತ್ರದಲ್ಲಿ ಕೋಲಿನ ಮೇಲಿರೋ ಆ ಕೈಗಳನ್ನ ನೋಡ್ಲೇಬೇಕು. ಗುವಾರ್ಡಿ ಅನ್ನೋ ಚಿತ್ರಕಾರನ ವೆನಿಸ್ ಚಿತ್ರಗಳು ಒಂದೇ ಕಡೆ 19 ಇವೆ. 18ನೇ ಶತಮಾನದ ಫ್ರೆಂಚ್ ಕುರ್ಚಿ, ಮೇಜು, ಬೆಳ್ಳಿ ಪಾತ್ರೆ ಮಾತ್ರ ಸಿಕ್ಕಾಪಟ್ಟೆ, ಇಷ್ಟ ಇರೋರಿಗೆ ಹಬ್ಬ, ನಾನು ಬೇಗ ದಾಟ್ದೆ.

ಇದನ್ನೆಲ್ಲ ಆರಿಸಿದ್ದು ಇಂಜಿನಿಯರ್ ಕಣ್ಣು ಅಂತ ನನಗೆ ಯಾಕೆ ಅನ್ಸುತ್ತೆ ಅಂದ್ರೆ, ಇಲ್ಲಿ ಕುರೂಪ ಆಗಿರೋದು, ಏನೋ ಹಳೇದು ಅಂತ ಸುಮ್ನೆ ತಂದಿಟ್ಟಿರೋದು ಕಮ್ಮಿ. ಕೆಲಸಗಾರಿಕೆ ಚೊಕ್ಕ ಇರ್ಬೇಕು, ವಸ್ತು ಸುಸ್ಥಿತೀಲಿರ್ಬೇಕು, ಇಲ್ಲಾಂದ್ರೆ ಬೇಡ. ಕೊನೇ ಕೋಣೇಲಿರೋ, ಫ್ರಾನ್ಸಿನ ಒಡವೆ ಕಲಾವಿದ ರೆನೆ ಲಾಲಿಕ್ ಮಾಡಿದ ಒಡವೆಗಳಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತೆ. ಲಾಲಿಕ್ ಈತನ ಸ್ನೇಹಿತ, ಅವನ ಕೈಯಿಂದಲೇ ನೇರ ಕೊಂಡಿದ್ದು. ಡ್ರ್ಯಾಗನ್‌ಫ್ಲೈ ಹೆಂಗಸು ಅನ್ನೋ ಒಡವೆ ಇದೆ, ದೊಡ್ಡ ಏರೋಪ್ಲೇನ್ ಚಿಟ್ಟೆಯ ಬಾಯಿಂದ ಹೆಣ್ಣಿನ ಎದೆ ತಲೆ ಹೊರಗೆ ಬರ್ತಿದೆ, ಮುಂದೆ ಚಿನ್ನದ ಉಗುರುಗಳು, ರೆಕ್ಕೆಗೆ ಬೆಳಕು ತೂರೋ ಎನಾಮಲ್ಲು, ಆ ರೆಕ್ಕೆಗಳು ಕೀಲಿನ ಮೇಲೆ ಅಲ್ಲಾಡೋ ಹಾಗೆ ಜೋಡಿಸಿದ್ದಾರೆ, ಮೈಮೇಲೆ ಹಾಕ್ಕೊಂಡಾಗ ಬಾಗ್ಲಿ ಅಂತ. ಸುಮಾರು 1897ರ ಕೆಲಸ ಇದು.

ಎರಡನೇ ಮಹಾಯುದ್ಧದಲ್ಲಿ 1942ರಲ್ಲಿ ಲಿಸ್ಬನ್ನಿಗೆ ಬಂದವನು 1955ರಲ್ಲಿ ಸಾಯೋವರೆಗೂ ಹೋಟೆಲಲ್ಲೇ ಇದ್ದ. ತನ್ನ ಮಕ್ಕಳು ಅಂತ ಕರೀತಿದ್ದ ಈ ವಸ್ತುಗಳೆಲ್ಲ ಒಂದೇ ಸೂರಿನಡಿ ಇರೋದನ್ನ ನೋಡೋಕೆ ಅವನಿಗೆ ಆಗ್ಲೇ ಇಲ್ಲ, ಮ್ಯೂಸಿಯಂ ತೆರೆದಿದ್ದು 1969ರಲ್ಲಿ. ಕಾಂಕ್ರೀಟಿನ ತಗ್ಗು ಕಟ್ಟಡ, ಹಾಲ್‌ನಿಂದ ಹಾಲ್‌ಗೆ ಹೋಗುವಾಗ ಗಾಜಿನಾಚೆ ತೋಟ ಕಾಣುತ್ತೆ, ಕಣ್ಣಿಗೆ ಒಳ್ಳೇ ವಿಶ್ರಾಂತಿ. ತೋಟಕ್ಕೆ ಟಿಕೆಟ್ ಬೇಡ, ಕೊಳ, ಬಾತುಕೋಳಿ ಎಲ್ಲ ಇದೆ, ಮಕ್ಕಳಿದ್ರೆ ಅಲ್ಲಿಂದ್ಲೇ ಶುರು ಮಾಡಿ.

ಸಾವ್ ಸೆಬಾಸ್ಟಿಯಾವ್ ಮೆಟ್ರೋ ಸ್ಟೇಷನ್ನಲ್ಲಿ ಇಳಿದ್ರೆ ನಡೆಯೋ ದೂರ. ಮಂಗಳವಾರ ರಜೆ. 2025ರಲ್ಲಿ ನವೀಕರಣಕ್ಕೆ ಅಂತ ಮುಖ್ಯ ಕಟ್ಟಡದ ಬಾಗಿಲು ಹಾಕಿದ್ರು, ನಾನು ನೋಡಿದ್ದು ಅದಕ್ಕೂ ಮುಂಚೆ, ಹಾಗಾಗಿ ಟಿಕೆಟ್ ಬುಕ್ ಮಾಡೋ ಮುಂಚೆ ವೆಬ್‌ಸೈಟ್ ನೋಡ್ಕೊಳ್ಳಿ. ನನ್ನ ಕಡೆಯಿಂದ ಐದಕ್ಕೆ ಐದು.