ಹುಬ್ಬಳ್ಳಿಯ ಒಂದು ರೊಟ್ಟಿ ಖಾನಾವಳಿ: ಕೋವಿಡ್ ನಿಯಮಗಳ ಲೆಕ್ಕದಲ್ಲಿ

ಹುಬ್ಬಳ್ಳಿಯ ಹಳೇ ಬಸ್ ನಿಲ್ದಾಣದಿಂದ ತುಸು ಒಳಗಿರುವ ಈ ಖಾನಾವಳಿಯ ಊಟದ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಜೋಳದ ರೊಟ್ಟಿ ತೆಳ್ಳಗೆ, ಬಿಸಿಯಾಗಿ ಬರುತ್ತದೆ. ಬದನೆಕಾಯಿ ಎಣ್ಣೆಗಾಯಿಗೆ ಗುರೆಳ್ಳಿನ ಪುಡಿಯನ್ನು ಕೈಬಿಚ್ಚಿ ಹಾಕುತ್ತಾರೆ. ಝುಣಕ ಮಾತ್ರ ಕೆಲವು ದಿನ ಒಣಗಿರುತ್ತದೆ. ನಾನು ಬರೆಯಬೇಕೆಂದಿರುವುದು ಕೋವಿಡ್ ಕಾಲದಲ್ಲಿ ಸರ್ಕಾರ ಹೊರಡಿಸಿದ ನಿಯಮಗಳಲ್ಲಿ ಯಾವುವನ್ನು ಈ ಖಾನಾವಳಿಯವರೂ ಇಲ್ಲಿಯ ಗಿರಾಕಿಗಳೂ ನಿಜವಾಗಿ ಪಾಲಿಸಿದರು, ಯಾವುವನ್ನು ಗೋಡೆಯ ಮೇಲಿನ ಫಲಕಕ್ಕೆ ಬಿಟ್ಟುಕೊಟ್ಟರು ಎಂಬುದನ್ನು. ಸೇವೆಯ ಗುಣಮಟ್ಟವನ್ನು ಅಳೆಯಲು ಅದಕ್ಕಿಂತ ಕಠಿಣ ಪರೀಕ್ಷೆ ಯಾವ ಖಾನಾವಳಿಗೂ ಬಂದಿರಲಿಕ್ಕಿಲ್ಲ.

2020ರ ಮಾರ್ಚ್ 25ರಂದು ಆರಂಭವಾದ ಲಾಕ್‌ಡೌನ್ ಸಡಿಲಗೊಂಡು, ಜೂನ್ 8ರಿಂದ ಹೋಟೆಲುಗಳಲ್ಲಿ ಕುಳಿತು ಉಣ್ಣಲು ಅನುಮತಿ ಸಿಕ್ಕಾಗ, ಮಾಲೀಕರು ಹಿತ್ತಲಲ್ಲಿದ್ದ ಕೈ ತೊಳೆಯುವ ನಲ್ಲಿಯನ್ನು ಮುಂಬಾಗಿಲ ಪಕ್ಕಕ್ಕೆ ತಂದರು. ಇಡೀ ವ್ಯವಸ್ಥೆಯಲ್ಲಿ ಇದೇ ಅತ್ಯುತ್ತಮ ಕೆಲಸವೆಂದು ನನ್ನ ಅಭಿಪ್ರಾಯ. ರೊಟ್ಟಿ ಮುರಿದು ಉಣ್ಣುವವರು ಹೇಗೂ ಕೈ ತೊಳೆಯುತ್ತಾರೆ. ನಲ್ಲಿ ದಾರಿಯಲ್ಲೇ ಸಿಕ್ಕಾಗ, ಗಲ್ಲಾದಿಂದ "ಕಾಕಾರ, ಮೊದಲ ಕೈ ತೊಳಕೊಂಡು ಬರ್ರಿ" ಎಂಬ ಮಾತು ಕೇಳಿಸಿದಾಗ, ವಾದಕ್ಕಿಳಿದವರನ್ನು ನಾನು ಕಾಣಲಿಲ್ಲ. ಅದರ ಪಕ್ಕದಲ್ಲೇ ದಾರ ಕಟ್ಟಿ ತೂಗುಹಾಕಿದ್ದ ಸ್ಯಾನಿಟೈಸರ್ ಬಾಟಲಿ ಖಾಲಿಯಾಗಿ ಎಷ್ಟು ದಿನವಾಗಿತ್ತೆಂದು ಯಾರಿಗೂ ತಿಳಿದಿರಲಿಲ್ಲ. ಟೇಬಲ್ಲಿನ ಮೇಲೆ ಎಲ್ಲರೂ ಒಂದೇ ಚಮಚ ಅದ್ದುತ್ತಿದ್ದ ಶೇಂಗಾ ಚಟ್ನಿ ಮತ್ತು ಕೆಂಪು ಚಟ್ನಿಯ ಬಟ್ಟಲುಗಳು ಮಾಯವಾಗಿ, ತಾಟಿನಲ್ಲೇ ಪಾಲು ಹಾಕಿ ಕೊಡುವ ಪದ್ಧತಿ ಬಂತು. ಗಿರಾಕಿಗಳ ತಕರಾರು ಪದ್ಧತಿಯ ಮೇಲಿರದೆ ಚಟ್ನಿಯ ಪ್ರಮಾಣದ ಮೇಲಿತ್ತು.

ಮಾಸ್ಕ್ ವಿಷಯಕ್ಕೆ ಬಂದರೆ ಚಿತ್ರ ಬದಲಾಗುತ್ತದೆ. 2020ರ ಅಕ್ಟೋಬರ್ ಆರಂಭದಲ್ಲಿ ರಾಜ್ಯ ಸರ್ಕಾರ ಮಾಸ್ಕ್ ಧರಿಸದವರ ದಂಡವನ್ನು ನಗರಗಳಲ್ಲಿ 1,000 ರೂಪಾಯಿಗೆ ಏರಿಸಿ, ಜನರ ವಿರೋಧ ಕಂಡು ಕೆಲವೇ ದಿನಗಳಲ್ಲಿ 250ಕ್ಕೆ ಇಳಿಸಿತು. ಆ ಏರಿಳಿತದಿಂದ ಗಿರಾಕಿಗಳು ಕಲಿತದ್ದು ಮಾಸ್ಕ್ ಇರುವುದು ರಸ್ತೆಗೆ, ಪೊಲೀಸರಿಗೆ ಎಂಬುದನ್ನು. ಓಣಿಯ ತಿರುವಿನಲ್ಲಿ ಮೂಗಿನ ಮೇಲಿದ್ದದ್ದು ಹೊಸ್ತಿಲು ದಾಟುವಷ್ಟರಲ್ಲಿ ಜೇಬು ಸೇರುತ್ತಿತ್ತು. ಬಡಿಸುವ ಹುಡುಗರದ್ದು ಗದ್ದದ ಕೆಳಗೆ. ಒಲೆಯ ಮುಂದೆ ರೊಟ್ಟಿ ಬಡಿಯುವ ಹೆಣ್ಣುಮಕ್ಕಳು ಆ ಹೊಗೆಯಲ್ಲಿ, ಆ ಕಾವಿನಲ್ಲಿ ಮಾಸ್ಕ್ ಹಾಕಬೇಕೆನ್ನುವುದು ಕಾಗದದ ಮೇಲಷ್ಟೇ ಸಾಧ್ಯ. ಮಾಲೀಕರು ಅವರ ಒಲೆಗಳನ್ನು ಹಿತ್ತಲ ತಗಡಿನ ಚಪ್ಪರಕ್ಕೆ ಸಾಗಿಸಿ, ಮಾಸ್ಕ್ ಕೇಳುವುದನ್ನೇ ಬಿಟ್ಟರು. ನಿಯಮದ ಅಕ್ಷರ ತಪ್ಪಿತು, ಉದ್ದೇಶ ತಪ್ಪಲಿಲ್ಲ ಎಂದೇ ಹೇಳುತ್ತೇನೆ.

ಹೆಸರು, ಮೊಬೈಲ್ ಸಂಖ್ಯೆ ಬರೆಯುವ ವಹಿ ಶುದ್ಧ ನಾಟಕವಾಗಿತ್ತು. ಒಂಬತ್ತೇ ಅಂಕಿಗಳ ಮೊಬೈಲ್ ಸಂಖ್ಯೆಗಳನ್ನು ಅದರಲ್ಲಿ ಕಂಡಿದ್ದೇನೆ. 2022ರ ಜನವರಿಯಲ್ಲಿ ಎರಡೂ ಡೋಸ್ ಲಸಿಕೆ ಪಡೆದವರಿಗಷ್ಟೇ ಪ್ರವೇಶವೆಂಬ ಆದೇಶ ಬಂದಾಗಲೂ ಇಲ್ಲಿ ಪ್ರಮಾಣಪತ್ರ ಕೇಳಿದ್ದು ಅಪರಿಚಿತರನ್ನು ಮಾತ್ರ.

ಜಿಲ್ಲೆಗೊಂದು ನಿಯಮವಾದಾಗ ಪಾಲನೆ ಇನ್ನಷ್ಟು ಕಷ್ಟವಾಯಿತು. ಎರಡನೇ ಅಲೆ ಇಳಿದ ಮೇಲೆ, 2021ರ ಜೂನ್ 21ರಿಂದ ಜಾರಿಯಾದ ಆದೇಶದಲ್ಲಿ ಸೋಂಕಿನ ಪ್ರಮಾಣ (ಪರೀಕ್ಷೆಗಳಲ್ಲಿ ಸೋಂಕು ಪತ್ತೆಯಾದವುಗಳ ಪಾಲು) ಶೇ 5ಕ್ಕಿಂತ ಕಡಿಮೆಯಿದ್ದ ಗದಗ ಮತ್ತು ಹಾವೇರಿ ಮೊದಲ ಪಟ್ಟಿಗೆ ಸೇರಿದವು. ಅಲ್ಲಿ ಅರ್ಧದಷ್ಟು ಆಸನಗಳಲ್ಲಿ, ಎ.ಸಿ. ಇಲ್ಲದೆ, ಸಂಜೆ 5ರವರೆಗೆ ಕುಳಿತು ಉಣ್ಣಬಹುದಿತ್ತು. ಧಾರವಾಡ ಜಿಲ್ಲೆ ಎರಡನೇ ಪಟ್ಟಿಯಲ್ಲಿತ್ತು. "ಗದಗಿನಾಗ ಕುಂತು ಉಣ್ಣಬಹುದಂತ, ಇಲ್ಯಾಕ ಪಾರ್ಸಲ್?" ಎಂದು ಕೇಳಿದವರಿಗೆ ಮಾಲೀಕರು ಸೋಂಕಿನ ಪ್ರಮಾಣವೆಂದರೇನೆಂದು ರೊಟ್ಟಿ ಕಟ್ಟುತ್ತಲೇ ವಿವರಿಸುತ್ತಿದ್ದರು. ಯಾವ ಕಚೇರಿಯ ಪ್ರಕಟಣೆಯಲ್ಲೂ ಅಷ್ಟು ಸರಳವಾದ ವಿವರಣೆಯನ್ನು ನಾನು ಓದಿರಲಿಲ್ಲ. ಆ ದಿನಗಳಲ್ಲಿ ಒಬ್ಬರನ್ನೂ ಅವರು ಕದ್ದು ಒಳಗೆ ಕೂರಿಸಲಿಲ್ಲ, ಪರಿಚಯದವರು ಒತ್ತಾಯಿಸಿದರೂ.

ನನ್ನ ದೊಡ್ಡ ಆಕ್ಷೇಪ ಒಳಕೋಣೆಯ ಬಗ್ಗೆ. ತಗ್ಗಾದ ಮಾಳಿಗೆಯ ಆ ಕೋಣೆಗೆ ಕಿಟಕಿಯಿಲ್ಲ. ಇರುವ ಒಂದೇ ಫ್ಯಾನ್ ಅದೇ ಗಾಳಿಯನ್ನು ತಿರುವಿಹಾಕುತ್ತದೆ. ಟೇಬಲ್ಲನ್ನು ಪ್ರತಿ ಗಿರಾಕಿಯ ನಂತರ ಔಷಧ ಹಾಕಿ ಒರೆಸುತ್ತಿದ್ದವರು, ಸೋಂಕು ಮುಖ್ಯವಾಗಿ ಉಸಿರಿನ ಮೂಲಕ, ಗಾಳಿಯಾಡದ ಜಾಗದಲ್ಲಿ ಹೆಚ್ಚು ಹರಡುತ್ತದೆಂದು ತಿಳಿದ ಮೇಲೂ ಆ ಕೋಣೆಯನ್ನು ಮುಚ್ಚಲಿಲ್ಲ. ಒಂದು ಬಿಟ್ಟು ಒಂದು ಕುರ್ಚಿಗೆ ಗೀಟು ಹಾಕಿದ್ದರಿಂದ ನಿಯಮ ಪಾಲಿಸಿದಂತಾಯಿತು, ಗಾಳಿ ಹಾಗೆಯೇ ಉಳಿಯಿತು.

ವಹಿ, ಜ್ವರ ನೋಡುವ ಗನ್, ಕುರ್ಚಿಯ ಗೀಟುಗಳು ಈಗ ಇಲ್ಲ. ಮುಂಬಾಗಿಲ ನಲ್ಲಿಯೂ ತಾಟಿನಲ್ಲೇ ಚಟ್ನಿ ಹಾಕುವ ಪದ್ಧತಿಯೂ ಉಳಿದಿವೆ. ಹೋಗುವುದಾದರೆ ಮಧ್ಯಾಹ್ನ ಒಂದು ಗಂಟೆಯೊಳಗೆ ಹೋಗಿ. ಆಗ ಹೊರಗಿನ ಪಡಸಾಲೆಯಲ್ಲಿ ಜಾಗ ಸಿಗುತ್ತದೆ, ಎಣ್ಣೆಗಾಯಿಯೂ ಮುಗಿದಿರುವುದಿಲ್ಲ.