ಪದೇ ಪದೇ ಮೂತ್ರದ ಅವಸರ: ಯಾವ ಮಾತ್ರೆ ಯಾರಿಗೆ?

ಬಾಗಿಲ ಬೀಗ ತೆಗೆಯುವಷ್ಟರಲ್ಲೇ ತಡೆಯೋಕೆ ಆಗಲ್ಲ, ರಾತ್ರಿ ಮೂರು ಸಲ ಏಳಬೇಕು. ಇದಕ್ಕೆ ಡಾಕ್ಟರು ಬರೆದುಕೊಡುವ ಮಾತ್ರೆಗಳಲ್ಲಿ ಮುಖ್ಯವಾಗಿ ಎರಡು ಬಗೆ.

ಹಳೆಯ ಬಗೆಯಲ್ಲಿ ಆಕ್ಸಿಬ್ಯುಟಿನಿನ್, ಟಾಲ್ಟೆರೊಡಿನ್, ಸಾಲಿಫೆನಾಸಿನ್ ಬರುತ್ತವೆ. ಮೂತ್ರಕೋಶದ ಸ್ನಾಯುವಿಗೆ ‘ಹಿಂಡು’ ಎನ್ನುವ ನರದ ಸಂದೇಶವನ್ನೇ ಇವು ತಡೆಯುತ್ತವೆ. ತೊಂದರೆ ಏನೆಂದರೆ, ಅದೇ ಸಂದೇಶ ಜೊಲ್ಲಿನ ಗ್ರಂಥಿಗೂ ಕರುಳಿಗೂ ಬೇಕು. ಹಾಗಾಗಿ ಬಾಯಿ ಒಣಗುತ್ತದೆ, ಮಲಬದ್ಧತೆ ಕಾಡುತ್ತದೆ. ಬಾಯಿ ಒಣಗಿತೆಂದು ನೀರು ಜಾಸ್ತಿ ಕುಡಿದರೆ ಮತ್ತೆ ಒಂದಕ್ಕೆ ಓಟ, ಅಲ್ವಾ? ವಯಸ್ಸಾದವರಲ್ಲಿ ಮರೆವು, ಗೊಂದಲವೂ ಕಾಣಬಹುದು. ಆಕ್ಸಿಬ್ಯುಟಿನಿನ್ ಬಗ್ಗೆ ನನಗಂತೂ ಅಳುಕು. ಕೆಲವು ಬಗೆಯ ಗ್ಲಾಕೋಮಾ (ಕಣ್ಣಿನ ನರಕ್ಕೆ ಹಾನಿ ಮಾಡುವ ಕಾಯಿಲೆ) ಇದ್ದವರಿಗೆ ಇವು ಆಗಿಬರುವುದಿಲ್ಲ.

ಎರಡನೆಯ ಬಗೆ ಮಿರಾಬೆಗ್ರಾನ್, ಅದರ ದಾರಿ ಬೇರೆ. ಅದು ಸ್ನಾಯುವನ್ನು ಸಡಿಲಿಸಿ, ಮೂತ್ರಕೋಶ ಹೆಚ್ಚು ಹಿಡಿದಿಟ್ಟುಕೊಳ್ಳುವಂತೆ ಮಾಡುತ್ತದೆ. ಬಾಯಿ ಒಣಗುವುದು ಕಡಿಮೆ. ದಿನಕ್ಕೊಂದೇ ಮಾತ್ರೆ, 25 ಅಥವಾ 50 ಮಿಲಿಗ್ರಾಂ. ಆದರೆ ಬಿಪಿ ಏರಿಸಬಹುದು. ಹತೋಟಿಗೆ ಬಾರದ ಬಿಪಿ, ಮೇಲಿನದು 180 ಅಥವಾ ಕೆಳಗಿನದು 110 ಮುಟ್ಟಿದವರಿಗೆ ಇದು ಬೇಡ.

ಅವಸರ ತಗ್ಗಿಸುವುದರಲ್ಲಿ ಎರಡೂ ಹೆಚ್ಚುಕಮ್ಮಿ ಸಮ. ಬಿಪಿ ಹತೋಟಿಯಲ್ಲಿದ್ದು ವಯಸ್ಸು 65 ದಾಟಿದ್ದರೆ ನನ್ನ ಒಲವು ಮಿರಾಬೆಗ್ರಾನ್ ಕಡೆಗೆ. ಯಾವುದೇ ಆದರೂ 4ರಿಂದ 8 ವಾರ ಕೊಡಿ. ನಾಲ್ಕೇ ದಿನಕ್ಕೆ ಸುಮ್ನೆ ನಿಲ್ಲಿಸಬೇಡಿ. ಮೂತ್ರ ಕಟ್ಟಿಕೊಂಡರೆ ಮಾತ್ರ ತಡಮಾಡದೆ ಡಾಕ್ಟರನ್ನು ಕಾಣಿ.